ಕ್ರೈಸ್ತ ಕುಟುಂಬದ ಆಸ್ತಿ: ಹೆಣ್ಣುಮಕ್ಕಳ ಪಾಲು ಮತ್ತು ಉಯಿಲು

ತಂದೆ ತೀರಿಕೊಂಡರೆ ಗದ್ದೆ-ತೋಟ ಗಂಡುಮಕ್ಕಳಿಗೆ ಸೇರತಕ್ಕದ್ದು, ಮದುವೆಯಲ್ಲಿ ಕೊಟ್ಟ ಒಡವೆಯೇ ಹೆಣ್ಣುಮಕ್ಕಳ ಪಾಲು ಎಂಬ ಭಾವನೆ ನಮ್ಮ ಗ್ರಾಮೀಣ ಕ್ರೈಸ್ತ ಮನೆಗಳಲ್ಲಿ ಇನ್ನೂ ಉಳಿದಿದೆ. ಕಾನೂನು ಹೇಳುವುದು ಬೇರೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕ್ರೈಸ್ತ ಬಾಂಧವರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ.

ಈ ಕಾಯಿದೆಯ ಪ್ರಕಾರ ಉಯಿಲು ಬರೆಯದೆ ಮೃತನಾದವನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಪತ್ನಿಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ ಸಲ್ಲುತ್ತದೆ. ಉದಾಹರಣೆಗೆ, 90 ಗುಂಟೆ ಜಮೀನಿದ್ದು ಪತ್ನಿ, ಇಬ್ಬರು ಪುತ್ರರು ಹಾಗೂ ಒಬ್ಬಳು ಪುತ್ರಿ ಇದ್ದರೆ ತಾಯಿಗೆ 30 ಗುಂಟೆ, ಮಕ್ಕಳು ಮೂವರಿಗೂ ತಲಾ 20 ಗುಂಟೆ. ಮಗಳಿಗೆ ಮದುವೆಯಾಗಿದೆಯೆಂದು ಆಕೆಯ ಪಾಲು ಕರಗುವುದಿಲ್ಲ. ಆಕೆ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಅದು ಆಕೆಯ ಮಕ್ಕಳಿಗೆ ಸೇರುತ್ತದೆ.

ಕೇರಳದ ಮೇರಿ ರಾಯ್ ಅವರು ಹೋರಾಡಿದ್ದು ಈ ಸಮಾನತೆಗಾಗಿಯೇ. ತಿರುವಾಂಕೂರಿನ 1916ರ ಕಾನೂನಿನಂತೆ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು. 1925ರ ಕಾಯಿದೆಯೇ ಅಲ್ಲಿಯೂ 1951ರಿಂದ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ತೀರ್ಪಿತ್ತಿತು.

ಪೌತಿ ಖಾತೆಯ ಸಮಯದಲ್ಲಿ ವಂಶವೃಕ್ಷದಿಂದ ಸೋದರಿಯರ ಹೆಸರು ಬಿಡುವುದು ಸಲ್ಲದು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಸಿದ್ಧಿಸದು. ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಅಳಿಯದು. ಮುಂದೊಂದು ದಿನ ವಿಭಾಗದ ದಾವೆಯಾಗಿ ಅದು ಮನೆಯ ನೆಮ್ಮದಿಯನ್ನೇ ಕೆಡಿಸೀತು. ಸೋದರಿ ಸ್ವಇಚ್ಛೆಯಿಂದ ಪಾಲು ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿರಲಿ.

ಹಿಂದೂ ಕುಟುಂಬದಲ್ಲಿರುವಂತೆ ಹುಟ್ಟಿನಿಂದಲೇ ಬರುವ ಪಿತ್ರಾರ್ಜಿತ ಹಕ್ಕು ಕ್ರೈಸ್ತ ಕಾನೂನಿನಲ್ಲಿಲ್ಲ. ಆದುದರಿಂದ ತಂದೆ ತನ್ನ ಸಮಸ್ತ ಆಸ್ತಿಯನ್ನೂ ಉಯಿಲಿನ ಮೂಲಕ ಇಷ್ಟಬಂದವರಿಗೆ ಕೊಡಬಹುದು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲವಾದರೂ ಕ್ಷೇಮಕರ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಅನಿವಾರ್ಯ. ಆಸ್ತಿ ಪಡೆಯುವವರಾಗಲಿ, ಅವರ ಪತಿ ಅಥವಾ ಪತ್ನಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಬರೆದ ಭಾಗ ರದ್ದಾಗುತ್ತದೆ.

ದೇವಾಲಯಕ್ಕೋ ಅನಾಥಾಲಯಕ್ಕೋ ಆಸ್ತಿ ಬರೆಯಲು ಹಿಂದೆ ತೊಡಕಿತ್ತು. ಸೋದರರ ಮಕ್ಕಳು ಅಥವಾ ಅವರಿಗಿಂತ ಹತ್ತಿರದ ಬಂಧುಗಳಿದ್ದಲ್ಲಿ ಮರಣಕ್ಕೆ ಕನಿಷ್ಠ 12 ತಿಂಗಳು ಮೊದಲೇ ಅಂಥ ಉಯಿಲು ಆಗಿರಬೇಕಿತ್ತು. ಧರ್ಮಗುರು ಜಾನ್ ವಲ್ಲಮಟ್ಟಂ ಅವರ ಅರ್ಜಿಯ ಮೇರೆಗೆ ಈ 118ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ರದ್ದುಪಡಿಸಿತು. ಆದರೆ ಪತ್ನಿ-ಮಕ್ಕಳನ್ನು ಬರಿಗೈಯಾಗಿಸಿ ದಾನ ಮಾಡುವುದು ಧರ್ಮವೆನಿಸದು.

ತೆರಿಗೆಯ ಭಯ ಬೇಡ. ಮರಣಾನಂತರ ಆಸ್ತಿಗೆ ವಿಧಿಸುತ್ತಿದ್ದ ಎಸ್ಟೇಟ್ ತೆರಿಗೆ 1985ರಲ್ಲೇ ರದ್ದಾಯಿತು. ಬಳುವಳಿಯಾಗಿ ಬಂದ ಆಸ್ತಿ ಆದಾಯವೆಂದು ಪರಿಗಣಿತವಾಗದು. ನಿವೇಶನ ಅಥವಾ ಮನೆ ಮಾರಿದರೆ ಮಾತ್ರ ಲಾಭದ ಮೇಲೆ ತೆರಿಗೆಯುಂಟು. ದೀರ್ಘಾವಧಿಯ ಆಸ್ತಿಗೆ 2024ರ ಜುಲೈ 23ರಿಂದ ದರ ಶೇ. 12.5. ಆ ದಿನಕ್ಕೆ ಮೊದಲೇ ಪಡೆದ ಆಸ್ತಿಯಾದರೆ, ಬೆಲೆಯೇರಿಕೆಯನ್ನು ಕಳೆದು ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಬಹುದು. ಎರಡರಲ್ಲಿ ಕಡಿಮೆಯಾದದ್ದನ್ನು ತೆತ್ತರೆ ಸಾಕು.

ತಂದೆಯ ಪಾಲು ತಮಗೂ ಬೇಕೆಂದು ಐವರು ಸೋದರಿಯರು ಮೋಶೆಯ ಮುಂದೆ ನಿಂತ ವೃತ್ತಾಂತ ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿದೆ. ಅವರ ಮಾತು ನ್ಯಾಯವೆಂದು ದೇವರೇ ಒಪ್ಪಿದರು. ನಮ್ಮ ಹೆಣ್ಣುಮಕ್ಕಳು ನ್ಯಾಯಾಲಯದ ಮೆಟ್ಟಿಲೇರುವ ಮುನ್ನವೇ ಮನೆಯ ಹಿರಿಯರು ಆ ನ್ಯಾಯವನ್ನು ದಯಪಾಲಿಸಲಿ.