ಎರೆಹೊಲಕ್ಕೆ ಒಗ್ಗುವ ಕಾಲು

ಚಿಗರಿ ಬಸ್ಸಿನಿಂದ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಳಿದರೆ ಒಂದು ಕಡೆ ಬಿವಿಬಿ ಕಾಲೇಜಿನ ಹುಡುಗರ ಗದ್ದಲ, ಇನ್ನೊಂದು ಕಡೆ ಬುತ್ತಿಗಂಟು ಹಿಡಿದು ಆಸ್ಪತ್ರೆಗೆ ಬಂದವರ ಸಾಲು. 1957ರಲ್ಲಿ ಶುರುವಾದ ಇಲ್ಲಿನ ವೈದ್ಯಕೀಯ ಕಾಲೇಜಿಗೆ ಹೆಸರು ಎಷ್ಟು ಸಲ ಬದಲಾದರೂ ಆಟೊದವರಿಗೆ ಅದು ಇವತ್ತಿಗೂ ಕಿಮ್ಸ್. ಇದೇ ಆವರಣದಲ್ಲಿ ಅಖಿಲ ಭಾರತ ಜೈನ ಯುವ ಫೆಡರೇಶನ್ನಿನ ಮಹಾವೀರ ಲಿಂಬ್ ಸೆಂಟರ್ ಇದೆ. ಕಾಲು ಕಳೆದುಕೊಂಡವರಿಗೆ ಇಲ್ಲಿ ಪುಕ್ಕಟೆಯಾಗಿ ಕಾಲು ಮಾಡಿಕೊಡುತ್ತಾರೆ.

ಒಳಗೆ ಫಿನೈಲ್ ವಾಸನೆ ಹುಡುಕಿದರೆ ಸಿಗುವುದಿಲ್ಲ. ಕಾದ ಪ್ಲಾಸ್ಟಿಕ್ಕು, ರಬ್ಬರು, ತೊಗಲು, ಒಣಗಿದ ಪ್ಲಾಸ್ಟರಿನ ಪುಡಿ: ಬಡಗಿಯ ಮನೆ ಮತ್ತು ಪಂಚರ್ ಅಂಗಡಿ ಒಂದೇ ಕಡೆ ಇದ್ದಂತೆ. ಒಂದು ಬೆಳಗ್ಗೆ ಕೈಜೋಡಿಸುತ್ತೇನೆಂದು ಹೋದವನಿಗೆ ಅಳತೆ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಮೂರನೆಯವರಿಗೇ ಎಡ ಎನ್ನುವಲ್ಲಿ ಬಲ ಬರೆದೆ. ಎದುರು ಕೂತವರ ಬಲ ನನ್ನ ಎಡಕ್ಕೆ ಬರುತ್ತದೆ ಎಂಬಷ್ಟು ಸಣ್ಣ ಲೆಕ್ಕ. ‘ಇದ್ದ ಕಾಲಿಗೇ ಇನ್ನೊಂದ್ ಹಚ್ಚತೀರೇನ್ರಿ?’ ಎಂದು ಅವರೇ ನಕ್ಕರು. ನವಲಗುಂದ ಕಡೆಯ ರೈತರು, ಮೊಣಕಾಲಿನ ಕೆಳಗೆ ಹೋಗಿದೆ.

ಮೊಂಡುಕಾಲಿಗೆ ತೆಳುವಾದ ಬಟ್ಟೆಯ ಚೀಲ ತೊಡಿಸಿ, ಎಲುಬು ಉಬ್ಬಿದ ಕಡೆಯಲ್ಲೆಲ್ಲ ಬಣ್ಣ ಬಿಡುವ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದಾಗ ನೇರಳೆ ಬಣ್ಣ ಕರಗಿ ಅಚ್ಚಿನ ಒಳಮೈಗೆ ಇಳಿಯುತ್ತದೆ. ಆ ಅಚ್ಚಿಗೆ ಮತ್ತೆ ಪ್ಲಾಸ್ಟರ್ ಎರೆದರೆ ಅದೇ ಕಾಲು ಗಟ್ಟಿಯಾಗಿ ಹೊರಬರುತ್ತದೆ, ನೇರಳೆ ಚುಕ್ಕೆಗಳ ಸಮೇತ. ಎಲ್ಲಿ ಒತ್ತಬಾರದೋ ಅಲ್ಲಿ ಚುಕ್ಕೆ. ಇನ್ನು ಎಚ್‌ಡಿಪಿಇ ಪೈಪು. ಹೊಲಕ್ಕೆ ನೀರು ಹಾಯಿಸುವ ಪೈಪಿನ ಜಾತಿಯದೇ, ಬಣ್ಣ ಮಾತ್ರ ಮೈಬಣ್ಣ. ಒಲೆಯಲ್ಲಿ ಕಾಯಿಸಿ ಮೆತ್ತಗಾದದ್ದನ್ನು ಕೈಗವಸು ಹಾಕಿದ ಇಬ್ಬರು ಅಚ್ಚಿನ ಮೇಲೆ ಒಂದೇ ದಮ್ಮಿಗೆ ಎಳೆಯುತ್ತಾರೆ. ತಡವಾದರೆ ಸೆಟೆದುಕೊಳ್ಳುತ್ತದೆ. ಆರಿದ ಮೇಲೆ ಒಳಗಿನ ಪ್ಲಾಸ್ಟರನ್ನು ಸುತ್ತಿಗೆಯಿಂದ ಒಡೆದು ತೆಗೆಯುತ್ತಾರೆ. ಅಷ್ಟು ನಾಜೂಕಾಗಿ ತಿದ್ದಿದ್ದು ಕಸದ ಬುಟ್ಟಿಗೆ! ನೋಡುವವನಿಗೇ ಕರುಳು ಚುರ್ ಅನ್ನುತ್ತದೆ, ಮಾಡುವವರಿಗೆ ಏನೂ ಅನ್ನಿಸಿದಂತಿಲ್ಲ.

ಪಾದ ಜೈಪುರದ್ದು. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ್ದು. ಮ್ಯಾಗ್ಸೆಸೆ ಪ್ರಶಸ್ತಿ 1981ರಲ್ಲಿ ಸೇಠಿಯವರಿಗೆ ಬಂತು. ಶರ್ಮಾರ ಹೆಸರು ಹೇಳುವವರು ಕಡಿಮೆ. ಈ ಪಾದಕ್ಕೂ ಮೊದಲು ಬರುತ್ತಿದ್ದ ಪರದೇಶದ ಪಾದಕ್ಕೆ ಬೂಟು ಬೇಕೇ ಬೇಕು. ಅದನ್ನು ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರಲ್ಲಿ ಇಳಿಯಲಾಗದು. ಜೈಪುರದವರು ಕಟ್ಟಿಗೆ ಮತ್ತು ಸ್ಪಂಜಿನಂಥ ರಬ್ಬರಿನ ತುಂಡುಗಳನ್ನು ಜೋಡಿಸಿ, ಮೇಲೆ ರಬ್ಬರ್ ಸುತ್ತಿ, ಅಚ್ಚಿನಲ್ಲಿ ಬೇಯಿಸಿ, ಬರಿಗಾಲಿಗೆ ಒಗ್ಗುವ ಪಾದ ಮಾಡಿದರು.

ಕೆಲಸಕ್ಕೆ ಬರುವ ಸಾಮಾನು ನೆರವಾಗಿ ದೇಶ ದಾಟಿ ಹೋಗುವುದೂ ಉಂಟು. ಇಂಗ್ಲೆಂಡಿನ ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’ ಸಂಸ್ಥೆಯ ಸ್ವಯಂಸೇವಕರು ಹಳೆಯ ಗರಗಸ, ರಂದಾಗಳ ತುಕ್ಕು ತೆಗೆದು ಸಾಣೆ ಹಿಡಿದು ಆಫ್ರಿಕಾಕ್ಕೆ ಕಳಿಸಿದ್ದಾರೆ. ನಮ್ಮ ಜೈಪುರದ ಕಾಲೂ ಹಡಗು, ವಿಮಾನ ಹತ್ತಿದೆ. 1975ರಲ್ಲಿ ಹುಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅಫ್ಘಾನಿಸ್ತಾನದಲ್ಲೂ ಆಫ್ರಿಕಾದ ದೇಶಗಳಲ್ಲೂ ಶಿಬಿರ ಹೂಡಿದೆ. ಗರಗಸವಾಗಲಿ ಕಾಲಾಗಲಿ, ತಗೊಂಡವರ ಊರಲ್ಲೇ ರಿಪೇರಿ ಆಗಬೇಕು. ಇಲ್ಲದಿದ್ದರೆ ಅದು ಎರಡನೇ ವರ್ಷ ಅಟ್ಟ ಸೇರುತ್ತದೆ.

ಮಧ್ಯಾಹ್ನದ ಹೊತ್ತಿಗೆ, ಮೊದಲೇ ಅಳತೆ ಕೊಟ್ಟುಹೋಗಿದ್ದವರೊಬ್ಬರು ಹೊಸ ಕಾಲು ಕಟ್ಟಿಕೊಂಡು ಕಂಬಿಗಳ ನಡುವೆ ಎದ್ದು ನಿಂತರು. ನಾಲ್ಕು ಹೆಜ್ಜೆ ಹಾಕಿ, ಕಂಬಿ ಬಿಟ್ಟು, ಕಳೆ ಕೀಳುವವರ ಹಾಗೆ ಕುಕ್ಕರಗಾಲಲ್ಲಿ ಕೂತರು. ಸಾಲಿನಲ್ಲಿದ್ದ ನವಲಗುಂದದವರು ಕೂಗಿ ಕೇಳಿದರು: ‘ಹೆಂಗದರೀ?’

‘ಛಲೋ ಐತ್ರಿ. ಇನ್ನ ಮುಳ್ಳು ನಟ್ರೂ ಒಂದ ಕಾಲಿಗಷ್ಟ ತ್ರಾಸ!’