ಫ್ಲ್ಯಾಟ್ ನಿಮ್ಮದು, ಆದ್ರೆ ಎಷ್ಟು ವರ್ಷಕ್ಕೆ?

ಬೆಂಗಳೂರಲ್ಲಿ 'ಮನೆ ಲೀಸ್‌ಗೆ ಹಾಕ್ಕೊಂಡಿದ್ದೀವಿ' ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ಓನರ್ ಕೈಗೆ ಹತ್ತೋ ಹದಿನೈದೋ ಲಕ್ಷ ಕೊಟ್ಟು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ತಗೊಳ್ಳೋದು. ಹಳೇ ಮಾತಲ್ಲಿ ಭೋಗ್ಯ. ಇಂಗ್ಲೆಂಡಿನಲ್ಲಿ ಮನೆ ಹುಡುಕೋರು ಮೊದಲು ಈ ಅರ್ಥವನ್ನ ಪಕ್ಕಕ್ಕಿಡಬೇಕು. ಇಲ್ಲಿ ಲೀಸ್‌ಹೋಲ್ಡ್ ಫ್ಲ್ಯಾಟಿಗೆ ಪೂರ್ತಿ ಬೆಲೆ ಕೊಡ್ತೀರಿ, ಬ್ಯಾಂಕ್ ಸಾಲ ಮಾಡ್ತೀರಿ, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರೂ ಬರುತ್ತೆ. ಆದರೂ ಕಾನೂನಿನ ಲೆಕ್ಕದಲ್ಲಿ ನೀವು ದೀರ್ಘಾವಧಿಯ ಬಾಡಿಗೆದಾರ. ನೆಲ, ಗೋಡೆ, ಚಾವಣಿ ಎಲ್ಲ ಫ್ರೀಹೋಲ್ಡರ್ ಅನ್ನೋ ಇನ್ನೊಬ್ಬರದು. ನೀವು ಕೊಂಡದ್ದು ಇಂತಿಷ್ಟು ವರ್ಷ ಅಲ್ಲಿರುವ ಹಕ್ಕು ಮಾತ್ರ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್‌ಗಳು ಹೆಚ್ಚೂಕಮ್ಮಿ ಎಲ್ಲವೂ ಹೀಗೇ. ಬಿಡಿ ಮನೆಗಳು ಬಹುತೇಕ ಫ್ರೀಹೋಲ್ಡ್. ಸ್ಕಾಟ್ಲೆಂಡಿನ ಕಾನೂನೇ ಬೇರೆ. ಎಡಿನ್‌ಬರೋದಲ್ಲಿರೋರು ಇದನ್ನ ಓದಿ ಗಾಬರಿ ಆಗಬೇಕಿಲ್ಲ.

ಕಳೆದ ವರ್ಷ ರೆಡಿಂಗ್‌ನಲ್ಲಿ ನಾನು, ನನ್ನ ಹೆಂಡತಿ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ವಿ. 2,40,000 ಪೌಂಡ್. ಅದೇ ಬೀದಿಯಲ್ಲಿ ಅದೇ ಅಳತೆಯ ಫ್ಲ್ಯಾಟಿಗೆ 2,75,000 ಕೇಳ್ತಿದ್ರು. 'ಮಾರೋರಿಗೆ ಸ್ವಲ್ಪ ಅರ್ಜೆಂಟ್ ಇದೆ' ಅಂದ ಏಜೆಂಟ್. ಇರಬಹುದು. ಆದ್ರೆ ಜಾಹೀರಾತಿನ ಕೊನೆಯಲ್ಲಿ, ಪಾರ್ಕಿಂಗ್ ವಿವರದ ಕೆಳಗೆ, ಸಣ್ಣಕ್ಷರದಲ್ಲಿ ಇನ್ನೊಂದು ಕಾರಣ ಇತ್ತು: ಲೀಸ್ ಬಾಕಿ 76 ವರ್ಷ.

ನಾವಿಬ್ಬರೂ ಮೂವತ್ತರ ಆಸುಪಾಸಿನವರು, 76 ವರ್ಷ ಸಾಲದಾ ಅನ್ನಿಸೋದು ಸಹಜ. ವಾಸಕ್ಕೆ ಸಾಕು, ಮಾರಾಟಕ್ಕೆ ಸಾಲದು. ಇಲ್ಲಿ 80 ವರ್ಷ ಅನ್ನೋದು ಒಂದು ಗಡಿ. ಬಾಕಿ ಅವಧಿ 80ಕ್ಕಿಂತ ಮೇಲಿರುವಾಗ ಲೀಸ್ ವಿಸ್ತರಿಸಿಕೊಂಡ್ರೆ ಖರ್ಚು ಕಡಿಮೆ. ಗಡಿ ದಾಟಿ ಕೆಳಗಿಳಿದ್ರೆ 'ಮ್ಯಾರೇಜ್ ವ್ಯಾಲ್ಯೂ' ಸೇರ್ಕೊಳ್ಳುತ್ತೆ: ಲೀಸ್ ಉದ್ದ ಆದದ್ದರಿಂದ ಆಸ್ತಿಯ ಬೆಲೆ ಎಷ್ಟು ಏರುತ್ತೋ ಅದರಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಹೆಸರೂ ಮದುವೆದು, ಖರ್ಚೂ ಮದುವೆಯಷ್ಟೇ. ನಮ್ಮ ಸರ್ವೇಯರ್ ಹಾಕಿದ ಅಂದಾಜು ಸುಮಾರು 20,000 ಪೌಂಡ್. ಅದರ ಮೇಲೆ ನಮ್ಮ ವಕೀಲರ ಫೀಸು, ಫ್ರೀಹೋಲ್ಡರ್‌ನ ವಕೀಲರ ಫೀಸು ಎರಡೂ ನಮ್ಮದೇ. 70ಕ್ಕಿಂತ ಕೆಳಗಿಳಿದ್ರೆ ಹಲವು ಬ್ಯಾಂಕ್‌ಗಳು ಸಾಲ ಕೊಡೋಕೇ ಹಿಂದೇಟು ಹಾಕ್ತವೆ. ಅಂದ್ರೆ ಆರು ವರ್ಷ ಇದ್ದು ಮಾರೋಕೆ ಹೊರಟ್ರೆ, ಕೊಳ್ಳೋರಿಗೆ ಸಾಲ ಸಿಗೋದೇ ಕಷ್ಟ.

ಫೋನಲ್ಲಿ ಇದನ್ನೆಲ್ಲ ಕೇಳಿದ ಅಪ್ಪ, 'ಲೀಸಾ? ನಮ್ಮ ಬಿಡಿಎ ಸೈಟ್ ಥರಾನಾ?' ಅಂದ್ರು. ಅವರ ಕಾಲದಲ್ಲಿ ಬಿಡಿಎ ಸೈಟ್ ಸಿಕ್ಕೋರಿಗೆ ಮೊದಲು ಲೀಸ್ ಕಂ ಸೇಲ್ ಕರಾರು, ಹತ್ತು ವರ್ಷ ಕಳೆದ ಮೇಲೆ ಕ್ರಯಪತ್ರ. ಅಲ್ಲಿ ವರ್ಷ ಕಳೆದಂತೆ ಆಸ್ತಿ ನಿಮ್ಮದಾಗ್ತಾ ಬರುತ್ತೆ. ಇಲ್ಲಿ ವರ್ಷ ಕಳೆದಂತೆ ಕರಗ್ತಾ ಹೋಗುತ್ತೆ. 'ಹಂಗಾದ್ರೆ ಬಾಡಿಗೇಲೇ ಇರು, ಕೊಂಡ್ಕೊಂಡು ಏನು ಭಾಗ್ಯ' ಅಂದ್ರು ಅಪ್ಪ.

ಬಾಡಿಗೆಯಷ್ಟು ಕೆಟ್ಟದ್ದಲ್ಲ. 1993ರ ಕಾಯ್ದೆ ಪ್ರಕಾರ ಫ್ಲ್ಯಾಟ್ ಮಾಲೀಕ ತನ್ನ ಲೀಸನ್ನ 90 ವರ್ಷ ವಿಸ್ತರಿಸಿಕೊಳ್ಳಬಹುದು; ದರದ ಬಗ್ಗೆ ಜಗಳ ಆಡಬಹುದು, ಕೊಡಲ್ಲ ಅಂತ ಫ್ರೀಹೋಲ್ಡರ್ ಹೇಳೋ ಹಾಗಿಲ್ಲ. ವಿಸ್ತರಣೆ ಆದ ಮೇಲೆ ನೆಲದ ಬಾಡಿಗೆ, ಅಂದ್ರೆ ಗ್ರೌಂಡ್ ರೆಂಟ್, 'ಪೆಪ್ಪರ್‌ಕಾರ್ನ್'ಗೆ ಇಳಿಯುತ್ತೆ. ಅಕ್ಷರಶಃ ಒಂದು ಮೆಣಸಿನ ಕಾಳು! ಮಲೆನಾಡಿನವರು ಒಂದು ಬಳ್ಳಿಯಲ್ಲಿ ಇಡೀ ಲಂಡನ್ನಿನ ನೆಲಬಾಡಿಗೆ ಕಟ್ಟಬಹುದು. ಮೊದಲೆಲ್ಲ ಕೊಂಡು ಎರಡು ವರ್ಷ ಆಗೋ ತನಕ ಈ ವಿಸ್ತರಣೆಗೆ ಅರ್ಜಿ ಹಾಕೋ ಹಾಗಿರಲಿಲ್ಲ. 2025ರ ಜನವರಿ 31ರಿಂದ ಆ ನಿಯಮ ಹೋಗಿದೆ. 2024ರ ಹೊಸ ಕಾಯ್ದೆಯಲ್ಲಿ 990 ವರ್ಷದ ವಿಸ್ತರಣೆ, ಮ್ಯಾರೇಜ್ ವ್ಯಾಲ್ಯೂ ರದ್ದು ಎಲ್ಲ ಇದೆ. ಆದ್ರೆ ನಾನು ಇದನ್ನ ಬರೆಯುವ ಹೊತ್ತಿಗೆ ಆ ಭಾಗಗಳು ಜಾರಿಗೆ ಬಂದಿಲ್ಲ. ಏಜೆಂಟ್‌ಗಳು 'ಇನ್ನೇನು ಬಂದೇ ಬಿಡುತ್ತೆ' ಅಂತಾರೆ. ಬಂದಾಗ ಬರಲಿ, ಬೆಲೆಯನ್ನ ಇವತ್ತಿನ ಕಾನೂನಿನ ಮೇಲೆ ಲೆಕ್ಕ ಹಾಕಿ.

ಗ್ರೌಂಡ್ ರೆಂಟ್ ವಿಷಯದಲ್ಲಿ ಒಂದು ತಾರೀಖು ನೆನಪಿಡಿ: 2022ರ ಜೂನ್ 30. ಆಮೇಲೆ ಶುರುವಾದ ಹೊಸ ಲೀಸ್‌ಗಳಿಗೆ ಇದು ಸಾಮಾನ್ಯವಾಗಿ ಸೊನ್ನೆ. ಅದಕ್ಕಿಂತ ಹಳೆಯದಾದ್ರೆ ಏರಿಕೆಯ ಷರತ್ತು ಓದಲೇಬೇಕು. 'ವರ್ಷಕ್ಕೆ ಬರೀ 250 ಪೌಂಡ್' ಅಂತ ಬರೆದು, ಪ್ರತಿ ಹತ್ತು ವರ್ಷಕ್ಕೆ ದುಪ್ಪಟ್ಟು ಅಂತ ಹತ್ತನೇ ಪುಟದಲ್ಲಿ ಸೇರಿಸಿದ್ರೆ, ಐವತ್ತು ವರ್ಷಕ್ಕೆ ಅದು 8,000 ಪೌಂಡ್. ನಾವು ಪ್ರೋಗ್ರಾಮ್ ಬರೆಯೋರು, ಎರಡರ ಘಾತ ಏನು ಮಾಡುತ್ತೆ ಅಂತ ನಮಗೆ ಹೇಳಿಕೊಡಬೇಕಿಲ್ಲ.

ಸರ್ವಿಸ್ ಚಾರ್ಜ್ ನಮ್ಮ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಇದ್ದ ಹಾಗೆ. ಆದ್ರೆ ದರ ತೀರ್ಮಾನ ಮಾಡೋದು ನಿವಾಸಿಗಳ ಸಂಘ ಅಲ್ಲ, ಫ್ರೀಹೋಲ್ಡರ್ ನೇಮಿಸಿದ ಕಂಪನಿ. ಹಿಂದಿನ ಮೂರು ವರ್ಷದ ಲೆಕ್ಕಪತ್ರ ಕೇಳಿ; ಮಾರೋರ ಕಡೆಯಿಂದ ಬರುವ ಎಲ್‌ಪಿಇ1 ಫಾರ್ಮಿನ ಜೊತೆ ಅದು ಬರಬೇಕು. 'ಸೆಕ್ಷನ್ 20 ನೋಟಿಸ್ ಏನಾದ್ರೂ ಬಂದಿದ್ಯಾ' ಅಂತಲೂ ಕೇಳಿ. ಕಟ್ಟಡದ ಒಂದು ರಿಪೇರಿಗೆ ಯಾವುದೇ ಒಬ್ಬ ನಿವಾಸಿ 250 ಪೌಂಡ್‌ಗಿಂತ ಹೆಚ್ಚು ಕೊಡಬೇಕಾದ್ರೆ ಫ್ರೀಹೋಲ್ಡರ್ ಮೊದಲು ಈ ನೋಟಿಸ್ ಕೊಟ್ಟು ಅಭಿಪ್ರಾಯ ಕೇಳಬೇಕು. ಚಾವಣಿ ಬದಲಾಯಿಸೋ ನೋಟಿಸ್ ಬಂದ ಮರುವಾರ ಮಾರಾಟಕ್ಕೆ ಹಾಕೋರೂ ಇರ್ತಾರೆ. ಎತ್ತರದ ಕಟ್ಟಡ ಆದ್ರೆ ಇನ್ನೊಂದು ಕಾಗದ ಬೇಕು: ಹೊರಗೋಡೆಯ ಬೆಂಕಿ ಸುರಕ್ಷತೆಯ ಇಡಬ್ಲ್ಯುಎಸ್1. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತ ಮೇಲೆ ಬಂದ ಪದ್ಧತಿ ಇದು. ಅನೇಕ ಕಡೆ ಇದಿಲ್ಲದೆ ಸಾಲ ಮುಂದಕ್ಕೆ ಹೋಗಲ್ಲ.

ಲೀಸ್ ಪತ್ರವನ್ನ ನೀವೇ ಕೂತು ಓದಿ, ಸಾಲಿಸಿಟರ್ ಕಳಿಸೋ ಸಾರಾಂಶಕ್ಕೆ ನಿಲ್ಲಿಸಬೇಡಿ. ಕಾರ್ಪೆಟ್ ತೆಗೆದು ಮರದ ನೆಲ ಹಾಕೋ ಹಾಗಿಲ್ಲ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ, ಅನುಮತಿ ಇಲ್ಲದೆ ಬಾಡಿಗೆಗೆ ಕೊಡೋ ಹಾಗಿಲ್ಲ ಅನ್ನೋವೆಲ್ಲ ಅದರಲ್ಲೇ ಇರೋದು.

ಇನ್ನು ನಮ್ಮವರಿಗೇ ವಿಶೇಷವಾಗಿ ತಟ್ಟೋ ವಿಷಯ. ನಮ್ಮ ಸಾಲಿಸಿಟರ್ ಕೇಳಿದ ಮೊದಲ ಪ್ರಶ್ನೆಗಳಲ್ಲೊಂದು: 'ಪ್ರಪಂಚದಲ್ಲಿ ಬೇರೆ ಎಲ್ಲಾದ್ರೂ ನಿಮಗೆ ಮನೆ ಇದ್ಯಾ?' ನನ್ನ ಹೆಂಡತಿ ಹೆಸರಲ್ಲಿ ಮೈಸೂರಿನಲ್ಲಿ ಒಂದು ಮನೆ ಇದೆ, ನಮ್ಮ ಮಾವ ಮಾಡಿಸಿದ್ದು. ಮೊದಲ ಸಲ ಮನೆ ಕೊಳ್ಳೋರಿಗೆ 3,00,000 ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಆದ್ರೆ ಕೊಳ್ಳೋರಿಗೆ ಭಾರತದಲ್ಲಿ ಮನೆ ಇದ್ರೂ ಅವರು 'ಮೊದಲ ಸಲ'ದವರಲ್ಲ. ಆ ಮನೆಯಲ್ಲಿ ಅವರ ಪಾಲಿನ ಬೆಲೆ 40,000 ಪೌಂಡ್, ಅಂದ್ರೆ 45-50 ಲಕ್ಷ ರೂಪಾಯಿ ಮುಟ್ಟಿದ್ರೆ ಇನ್ನೂ 5 ಪರ್ಸೆಂಟ್ ಹೆಚ್ಚುವರಿ. ಗಂಡನ ಹೆಸರಲ್ಲಿ ಮಾತ್ರ ಕೊಳ್ಳೋಣ ಅಂದ್ರೂ ನಡೆಯಲ್ಲ. ಜೊತೆಗಿರುವ ದಂಪತಿಯನ್ನ ಈ ಲೆಕ್ಕಕ್ಕೆ ಒಂದೇ ಅಂತ ಹಿಡೀತಾರೆ. 2,40,000ದ ಆ ಫ್ಲ್ಯಾಟಿಗೆ ಸೊನ್ನೆ ಆಗಬೇಕಿದ್ದ ಡ್ಯೂಟಿ ನಮಗೆ 14,300 ಪೌಂಡ್. ಖಾಲಿ ಸೈಟ್, ಹೊಲ, ತೋಟ ಲೆಕ್ಕಕ್ಕೆ ಬರಲ್ಲ, ಮನೆ ಮಾತ್ರ. ಪಿತ್ರಾರ್ಜಿತದ ಪಾಲಿಗೆ ಬೇರೆ ನಿಯಮಗಳಿವೆ, ಆದ್ದರಿಂದ ಊರಿನ ಕಾಗದಗಳನ್ನ ಮೊದಲೇ ತರಿಸಿ ಸಾಲಿಸಿಟರ್‌ಗೆ ತೋರಿಸಿ.

ಇಷ್ಟೆಲ್ಲ ತಲೆನೋವು ಯಾಕೆ, ಫ್ರೀಹೋಲ್ಡ್ ಮನೆಯನ್ನೇ ತಗೋಳ್ಳೋಣ ಅನ್ನೋರಿಗೆ ಒಂದು ಮಾತು. ಹೊಸ ಬಡಾವಣೆಗಳಲ್ಲಿ ರಸ್ತೆ, ಪಾರ್ಕುಗಳನ್ನ ಕೌನ್ಸಿಲ್ ವಹಿಸಿಕೊಂಡಿರಲ್ಲ. ಅದರ ನಿರ್ವಹಣೆಗೆ ಮನೆ ನಿಮ್ಮದೇ ಆದ್ರೂ ವರ್ಷವರ್ಷ ಎಸ್ಟೇಟ್ ಚಾರ್ಜ್ ಕಟ್ಟಬೇಕು.

ವಿಸ್ತರಣೆಯ ಖರ್ಚಿನಷ್ಟು ಬೆಲೆ ಇಳಿಸಿ ಅಂತ 76 ವರ್ಷದ ಫ್ಲ್ಯಾಟಿನವರನ್ನ ಕೇಳಿದ್ವಿ, ಅವರು ಒಪ್ಪಲಿಲ್ಲ. ಬಿಟ್ವಿ. ಈಗ ಬೇರೊಂದು ನೋಡಿದ್ದೀವಿ: 112 ವರ್ಷ ಬಾಕಿ, ಗ್ರೌಂಡ್ ರೆಂಟ್ ಏರದ 100 ಪೌಂಡ್. ಆಫರ್ ಒಪ್ಪಿದ್ದಾರೆ, ಆದ್ರೆ ಇಲ್ಲಿ ಎರಡೂ ಕಡೆಯ ಕರಾರು ಕೈ ಬದಲಾಗೋ ತನಕ, ಅಂದ್ರೆ 'ಎಕ್ಸ್‌ಚೇಂಜ್' ಆಗೋ ತನಕ, ಯಾರಿಗೂ ಯಾವ ಬಂಧನವೂ ಇಲ್ಲ. ನಾಳೆ ಬೇರೆಯವರು ಎರಡು ಸಾವಿರ ಹೆಚ್ಚು ಕೊಟ್ರೆ ಅವರಿಗೇ ಮಾರಬಹುದು. ಅಪ್ಪ ಆಗಲೇ ಪಂಚಾಂಗ ತೆಗೆದಿದ್ರು; ಎಕ್ಸ್‌ಚೇಂಜ್ ಆಗಲಿ, ಆಮೇಲೆ ಗೃಹಪ್ರವೇಶದ ದಿನ ನೋಡಿ ಅಂದಿದ್ದೀನಿ.