ಬೆನ್ನಿಗೆಷ್ಟು ಭಾರ, ಜೇಬಿಗೆಷ್ಟು ಭಾರ?

ಕಾಲೇಜಿನಿಂದ ಮಗ ಒಂದು ಪಟ್ಟಿ ಹಿಡಿದು ಬರುತ್ತಾನೆ. ರಜೆಯಲ್ಲಿ ಪಶ್ಚಿಮ ಘಟ್ಟದಲ್ಲಿ ಎರಡು ದಿನದ ಚಾರಣ. ರಕ್‌ಸ್ಯಾಕ್, ಸ್ಲೀಪಿಂಗ್ ಬ್ಯಾಗ್, ಬೂಟು, ಮಳೆ ಕೋಟು ಎಂದು ಪಟ್ಟಿ ಪುಟ ತುಂಬಿದೆ. ಅಂಗಡಿಗೆ ಹೋದರೆ ಒಂದೇ ಅಳತೆಯ ಎರಡು ಚೀಲ ತೋರಿಸುತ್ತಾರೆ. ಒಂದು ಎರಡು ಕಿಲೋ ತೂಗುತ್ತದೆ, ಇನ್ನೊಂದು ಒಂದೇ ಕಿಲೋ. ಹಗುರವಾದದ್ದಕ್ಕೇ ಬೆಲೆ ಹೆಚ್ಚು. "ತೂಕ ಕಡಿಮೆ ಕೊಟ್ಟು ದುಡ್ಡು ಜಾಸ್ತಿ ಕೇಳ್ತಾರಲ್ಲೋ!" ಎಂದು ಅಪ್ಪನಿಗೆ ಅಚ್ಚರಿ. "ಹಗುರ ಇದ್ರೆ ಸುಸ್ತಾಗಲ್ಲಪ್ಪ" ಎಂದು ಮಗನ ವಾದ. ತಿಂಗಳ ಕೊನೆಯಲ್ಲಿ ಇಂಥ ವಾದ ಎದುರಾದರೆ ಯಾವ ಅಪ್ಪನಿಗಾದರೂ ಕಷ್ಟವೇ. ಆ ಹೆಚ್ಚಿನ ಹಣಕ್ಕೆ ನಿಜವಾಗಿಯೂ ಸುಖ ಸಿಗುತ್ತದೆಯೆ?

ಹಗುರ ಚಾರಣದ ಗೀಳು ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನವರು ಈ ಮಾತು ಬಂದಾಗ ನೆನೆಯುವುದು ಒಬ್ಬ ಅಜ್ಜಿಯನ್ನು. ಓಹಾಯೊ ರಾಜ್ಯದ ಎಮ್ಮಾ ಗೇಟ್‌ವುಡ್ ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅಪಲೇಚಿಯನ್ ಗುಡ್ಡಸಾಲಿನ ಸುಮಾರು 3300 ಕಿ.ಮೀ. ಕಾಲುದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದರು. ಹೆಗಲಿಗೆ ತಾವೇ ಹೊಲಿದುಕೊಂಡ ದಪ್ಪ ಬಟ್ಟೆಯ ಚೀಲ. ಅದರಲ್ಲಿ ಒಂದು ಕಂಬಳಿ, ಒಂದು ಮಳೆ ಕೋಟು, ಬಚ್ಚಲುಮನೆಗೆ ಕಟ್ಟುವ ಪ್ಲಾಸ್ಟಿಕ್ ಪರದೆ, ಒಂದಿಷ್ಟು ತಿನಿಸು. ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ಕಾಲಿಗೆ ಕ್ಯಾನ್ವಾಸ್ ಶೂ. ಅವರು ಹಗುರವನ್ನು ಅಂಗಡಿಯಲ್ಲಿ ಕೊಳ್ಳಲಿಲ್ಲ, ಸಾಮಾನನ್ನು ಮನೆಯಲ್ಲಿ ಬಿಟ್ಟು ಬಂದರು. ಹಾಗೆಂದು ಅವರ ದಾರಿ ಸುಖದ್ದಾಗಿರಲಿಲ್ಲ. ಎಷ್ಟೋ ರಾತ್ರಿ ಎಲೆಗಳ ರಾಶಿಯ ಮೇಲೆ, ಗುರುತಿಲ್ಲದವರ ಮನೆಗಳಲ್ಲಿ ಮಲಗಿದವರು ಅವರು. ಬೆನ್ನಿನ ಭಾರ ಇಳಿಸಿದ್ದರ ಬೆಲೆಯನ್ನು ರಾತ್ರಿಯ ಚಳಿಯಲ್ಲಿ ತೆತ್ತರು.

ಮುಂದೆ 1992ರಲ್ಲಿ ರೇ ಜಾರ್ಡಿನ್ ಎಂಬ ಬಂಡೆ ಹತ್ತುವ ಸಾಹಸಿ ತನ್ನ ಪುಸ್ತಕದಲ್ಲಿ ಈ ಬಗೆಯ ನಡಿಗೆಗೆ ಒಂದು ಪದ್ಧತಿಯನ್ನೇ ರೂಪಿಸಿದ. ಅನ್ನ, ನೀರು, ಉರುವಲು ಬಿಟ್ಟು ಉಳಿದ ಸಾಮಾನಿನ ತೂಕಕ್ಕೆ ಚಾರಣಿಗರು 'ಮೂಲ ತೂಕ' ಎನ್ನುತ್ತಾರೆ. ಇದು ನಾಲ್ಕೂವರೆ ಕಿಲೋದೊಳಗಿದ್ದರೆ ಅತಿ ಹಗುರ, ಒಂಬತ್ತು ಕಿಲೋದೊಳಗಿದ್ದರೆ ಹಗುರ ಎಂದು ಈಗಿನ ರೂಢಿ. ಈ ಅಂಕಿಗಳ ಬೆನ್ನು ಹತ್ತಿಯೇ ದುಬಾರಿ ಸಾಮಾನಿನ ವ್ಯಾಪಾರವೂ ಬೆಳೆಯಿತು.

ಒಂದು ಕಿಲೋ ಹೆಚ್ಚು ಹೊತ್ತರೆ ಆಗುವ ನಷ್ಟವೆಷ್ಟು? ಹೈಸ್ಕೂಲಿನ ಭೌತಶಾಸ್ತ್ರವೇ ಇದಕ್ಕೆ ಸಾಕು. ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರ ಪರ್ವತದ ತುದಿಗೆ ಸುಮಾರು 1600 ಮೀಟರ್ ಏರಬೇಕು. ಒಂದು ಕಿಲೋವನ್ನು ಅಷ್ಟು ಮೇಲೆತ್ತಲು ಬೇಕಾದ ಕೆಲಸ 1 × 9.8 × 1600, ಅಂದರೆ ಸುಮಾರು 15,700 ಜೌಲ್. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತವೆ ಎಂದು ಹಿಡಿದರೆ ಖರ್ಚಾಗುವುದು ಸುಮಾರು 15 ಕಿಲೋ ಕ್ಯಾಲರಿ. ಒಂದು ಸಣ್ಣ ಬಿಸ್ಕತ್ತಿಗಿಂತ ಹೆಚ್ಚೇನಿಲ್ಲ! ಹತ್ತು ಕಿಲೋ ಹೊತ್ತರೂ ಏರಿಕೆಯ ಲೆಕ್ಕಕ್ಕೆ ಒಂದೆರಡು ಚಪಾತಿ ಸಾಕು. ಒಂದು ಬಿಸ್ಕತ್ತು ಉಳಿಸಲು ಸಾವಿರಾರು ರೂಪಾಯಿಯೆ ಎಂದು ಅಪ್ಪ ಗೆದ್ದಂತೆ ಕಾಣುತ್ತದೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಚೀಲ ಹೊತ್ತು ಸುಮ್ಮನೆ ನಿಂತವನು ಪುಸ್ತಕದ ಪ್ರಕಾರ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಆದರೂ ಹತ್ತು ನಿಮಿಷಕ್ಕೆ ಅವನ ಹೆಗಲು ಉರಿಯುತ್ತದೆ, ಏಕೆಂದರೆ ಭಾರ ತಡೆದು ನಿಲ್ಲಲು ಸ್ನಾಯುಗಳು ಸದಾ ಬಿಗಿಯುತ್ತಿರಬೇಕು. ಇಳಿಜಾರಿನಲ್ಲಂತೂ ಪ್ರತಿ ಹೆಜ್ಜೆಗೂ ಮೈಯ ಜೊತೆ ಚೀಲದ ಭಾರವೂ ಮಂಡಿಯ ಮೇಲೆ ಕುಕ್ಕುತ್ತದೆ. ಬೆಟ್ಟ ಹತ್ತಿದವರ ಮಂಡಿ ಇಳಿಯುವಾಗ ನೋಯುವುದು ಇದಕ್ಕೇ. ಹೀಗಾಗಿ ತಕ್ಕಡಿಯಲ್ಲಿ ಕಾಣುವ ಭಾರ ಬೇರೆ, ಮೈಗೆ ತಿಳಿಯುವ ಭಾರ ಬೇರೆ.

ಅಂಗಡಿಯ ಆ ಎರಡು ಕಿಲೋ ಚೀಲದ ಗುಟ್ಟೂ ಇಲ್ಲಿದೆ. ಅದರ ಹೆಚ್ಚಿನ ತೂಕ ಬಹುಮಟ್ಟಿಗೆ ಬೆನ್ನಿನ ಚೌಕಟ್ಟು ಮತ್ತು ದಪ್ಪನೆಯ ಸೊಂಟಪಟ್ಟಿಯದು. ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿದರೆ ಭಾರದ ಬಹುಪಾಲು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಹನ್ನೆರಡು ಕಿಲೋ ಹೊರುವವನಿಗೆ ಚೌಕಟ್ಟಿಲ್ಲದ ಒಂದು ಕಿಲೋ ಚೀಲ ಶಿಕ್ಷೆಯೇ ಸರಿ, ಭಾರವಾದ ಚೀಲವೇ ಅವನಿಗೆ ಹಿತ. ಏಳೆಂಟು ಕಿಲೋ ಹೊರುವವನಿಗೆ ಚೌಕಟ್ಟಿನ ಅಗತ್ಯ ಅಷ್ಟಿಲ್ಲ. ಆದ್ದರಿಂದ ಹಗುರ ಚೀಲವನ್ನು ಮೊದಲು ಕೊಂಡು ಆಮೇಲೆ ಮನೆಯ ಸಾಮಾನೆಲ್ಲ ತುಂಬುವುದು ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದ ಹಾಗೆ. ಸಾಮಾನು ಮೊದಲು, ಚೀಲ ಕಡೆಗೆ.

ತೂಕಕ್ಕೆ ಹಣ ಕೊಡಬೇಕಾದ ಜಾಗ ಕಾಲು. ಪಾದದಲ್ಲಿ ಹೊತ್ತ ಭಾರವನ್ನು ಹೆಜ್ಜೆಹೆಜ್ಜೆಗೂ ಎತ್ತಿ ಬೀಸಬೇಕು, ನಿಲ್ಲಿಸಬೇಕು. ಅದಕ್ಕೆ ತಗಲುವ ಶಕ್ತಿ ಅಷ್ಟೇ ತೂಕ ಬೆನ್ನಿನಲ್ಲಿದ್ದಾಗಿನದಕ್ಕಿಂತ ಸುಮಾರು ಐದು ಪಟ್ಟು. ಹಳೆಯ ಚರ್ಮದ ಬೂಟಿನ ಬದಲು ಹಿಡಿತವಿರುವ ಸಾಧಾರಣ ಶೂ ಹಾಕಿ ಜೊತೆಗೆ ಅರ್ಧ ಕಿಲೋ ಉಳಿಸಿದರೆ ಬೆನ್ನಿನಿಂದ ಎರಡೂವರೆ ಕಿಲೋ ಇಳಿಸಿದ ಹಾಗೆ. ಘಟ್ಟದ ಉಂಬಳಗಳಿಗಂತೂ ಬೂಟಿನ ಬೆಲೆಯ ಮೇಲೆ ಗೌರವವೇನೂ ಇಲ್ಲ!

ಪಾತ್ರೆಯ ವಿಷಯ ಕೇಳಿ. ಚಾರಣದ ಅಂಗಡಿಯಲ್ಲಿ ಟೈಟಾನಿಯಂ ಪಾತ್ರೆಗೆ ಬಹಳ ಮರ್ಯಾದೆ. ಟೈಟಾನಿಯಂನ ಸಾಂದ್ರತೆ 4.5, ಅಲ್ಯುಮಿನಿಯಂನದು 2.7. ಅಂದರೆ ಟೈಟಾನಿಯಂ ಹಗುರ ಲೋಹವೇನೂ ಅಲ್ಲ. ಬಲ ಹೆಚ್ಚಾದ್ದರಿಂದ ಪಾತ್ರೆಯನ್ನು ತೆಳ್ಳಗೆ ಮಾಡಬಹುದು, ಅಷ್ಟೆ. ಅದು ಶಾಖವನ್ನು ಹರಡುವುದು ಅಲ್ಯುಮಿನಿಯಂನ ಹತ್ತರಲ್ಲಿ ಒಂದು ಪಾಲೂ ಅಲ್ಲ. ನೀರು ಕಾಯಿಸಲು ಅಡ್ಡಿಯಿಲ್ಲ, ಅನ್ನಕ್ಕಿಟ್ಟರೆ ತಳ ಹಿಡಿಯುತ್ತದೆ. ಮನೆಯ ಹಳೆಯ ಅಲ್ಯುಮಿನಿಯಂ ಪಾತ್ರೆ ಈ ಕೆಲಸಕ್ಕೆ ಮೇಲು, ಅದಕ್ಕೆ ಕೊಡಬೇಕಾದ ಹಣವೂ ಸೊನ್ನೆ.

ಸ್ಲೀಪಿಂಗ್ ಬ್ಯಾಗಿನಲ್ಲೂ ಇಂಥದೇ ಸಂಗತಿ. ಬಾತಿನ ಮೆತ್ತನೆಯ ಪುಕ್ಕ ತುಂಬಿದ್ದು ಹಗುರ, ಬೆಚ್ಚಗೆ, ದುಬಾರಿ. ಒದ್ದೆಯಾದರೆ ಪುಕ್ಕ ಮುದ್ದೆಗಟ್ಟಿ ಬೆಚ್ಚಗಿನ ಗುಣವೇ ಹೋಗುತ್ತದೆ. ಒಣ ಚಳಿಯ ಲಡಾಖಿಗೆ ಅದು ಸರಿ. ಮಂಜು, ಮಳೆಯ ಮಲೆನಾಡಿಗೆ ಕೃತಕ ನಾರು ತುಂಬಿದ್ದೇ ಹೆಚ್ಚು ನಂಬಿಕಸ್ಥ, ಬೆಲೆಯೂ ಕಡಿಮೆ. ವರ್ಷಕ್ಕೊಂದು ಚಾರಣ ಮಾಡುವ ವಿದ್ಯಾರ್ಥಿ ಬಾಡಿಗೆಗೆ ತಂದರೂ ಆಯಿತು.

ಯಾವುದಕ್ಕೆ ಹಣ ಹಾಕಬೇಕೆಂದು ತಿಳಿಯಲು ಸುಲಭ ಲೆಕ್ಕವಿದೆ. ಹೆಚ್ಚಿಗೆ ಕೊಡುವ ರೂಪಾಯಿಯನ್ನು ಉಳಿಯುವ ಗ್ರಾಮಿನಿಂದ ಭಾಗಿಸಿ. ಚೀಲಕ್ಕೆ ಐದು ಸಾವಿರ ಹೆಚ್ಚು ಕೊಟ್ಟು ಒಂದು ಕಿಲೋ ಉಳಿಸಿದರೆ ಗ್ರಾಮಿಗೆ ಐದು ರೂಪಾಯಿ. ಸ್ಟೀಲ್ ಬಾಟಲಿಯ ಬದಲು ಖಾಲಿ ಸೋಡಾ ಬಾಟಲಿ ಒಯ್ದರೆ ಮುನ್ನೂರು ಗ್ರಾಂ ಉಳಿಯುತ್ತದೆ, ಖರ್ಚಿಲ್ಲ. ಜೀನ್ಸ್ ಪ್ಯಾಂಟ್ ಬಿಟ್ಟರೆ ಅರ್ಧ ಕಿಲೋಗೂ ಹೆಚ್ಚು. ಮಳೆಗೆ ನೆನೆದ ಜೀನ್ಸಿನ ಭಾರ ಹೊತ್ತವರಿಗೇ ಗೊತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ದಾರಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತದೆಂದು ತಿಳಿದವರಲ್ಲಿ ಮೊದಲೇ ಕೇಳಿಕೊಂಡರೆ ಎರಡು ಕಿಲೋ ಇಳಿಯಬಹುದು. ಆದರೆ ಊಹೆಯ ಮೇಲೆ ನೀರು ಬಿಟ್ಟು ಹೋಗಬಾರದು. ಹಾಗೆಯೇ ಸ್ವೆಟರ್, ಮಳೆ ಕೋಟು, ಟಾರ್ಚ್, ಔಷಧಿಗಳಿಗೂ ಕತ್ತರಿ ಹಾಕುವಂತಿಲ್ಲ. ಒದ್ದೆ ಮೈಗೆ ಗಾಳಿ ಹೊಡೆದರೆ ಘಟ್ಟದ ಬೆಟ್ಟದಲ್ಲೂ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಲ್ಲದು.

ನೇಪಾಳದ ಹಮಾಲಿಗಳ ಉದಾಹರಣೆ ಕೊಟ್ಟು ಮಕ್ಕಳನ್ನು ಹಂಗಿಸುವ ಹಿರಿಯರೂ ಇದ್ದಾರೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಗಂಡಸರು ಸರಾಸರಿ ತಮ್ಮ ಮೈತೂಕದ ಶೇ. 93ರಷ್ಟು ಹೊರುತ್ತಿದ್ದುದು ಕಂಡುಬಂದಿತ್ತು. ಅದು ಹೊಟ್ಟೆಪಾಡಿನ ಭಾರ. ನಿಧಾನ ನಡಿಗೆ, ಮತ್ತೆಮತ್ತೆ ವಿಶ್ರಾಂತಿ, ವರ್ಷಗಳ ರೂಢಿ ಅದರ ಹಿಂದಿದೆ. ರಜೆಗೆ ಹೊರಟ ಹುಡುಗ ಹುಡುಗಿಯರಿಗೆ ಮೈತೂಕದ ಐದನೆಯ ಒಂದು ಪಾಲು ಸಾಕಷ್ಟಾಯಿತು. ಐವತ್ತು ಕಿಲೋ ತೂಗುವವರಿಗೆ ಅನ್ನ, ನೀರು ಸೇರಿ ಹತ್ತು ಕಿಲೋ.

ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಒಯ್ಯಬೇಕೆಂದಿರುವುದನ್ನೆಲ್ಲ ಚಾಪೆಯ ಮೇಲೆ ಹರಡಿ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ಬರೆಯಿರಿ. ಮೂರನೆಯ ಟೀ ಷರ್ಟ್, ಎರಡನೆಯ ಟವೆಲ್, ದೊಡ್ಡ ಪೌಡರ್ ಡಬ್ಬಿ ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಕೋಡುಬಳೆಯ ಸ್ಟೀಲ್ ಡಬ್ಬಿಯನ್ನು ಮಾತ್ರ ಅಮ್ಮ ಮತ್ತೆ ಚೀಲಕ್ಕೆ ಸೇರಿಸದೆ ಬಿಡುವುದಿಲ್ಲ. ಕೋಡುಬಳೆಯನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಡಬ್ಬಿಯನ್ನು ಮನೆಯಲ್ಲೇ ಬಿಡಬಹುದು.